ಮಗುವಿನ ಉಸಿರುದಾರಿ ಕಿರಿದಾದಾಗ: ಕುತ್ತಿಗೆ ಕೊಯ್ಯದೆ ಮಾಡುವ ಚಿಕಿತ್ಸೆ

ಮಗು ಉಸಿರಾಡುವಾಗ ಸದ್ದು ಬಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು "ಕಫ ಕಟ್ಟಿದೆ". ಬಹಳಷ್ಟು ಸಲ ಅದು ನಿಜವೂ ಹೌದು. ಶೀತ ಇಳಿದ ಮೇಲೆ ಸದ್ದೂ ಹೋಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಹೋಗುವುದೇ ಇಲ್ಲ. ವಾರಗಟ್ಟಲೆ ನೆಬುಲೈಸರ್ ಇಟ್ಟರೂ, ಸಿರಪ್ ಬದಲಾಯಿಸಿದರೂ ಅದೇ ಗೊರಗೊರ. ಹಾಲು ಕುಡಿಯುವಾಗ ಮಗು ನಡುನಡುವೆ ಬಾಯಿ ಬಿಟ್ಟು ಏದುಸಿರು ಬಿಡುತ್ತದೆ. ತೂಕ ಏರುವುದಿಲ್ಲ. ಅಂಥ ಮಗುವಿಗೆ ತೊಂದರೆ ಎದೆಯಲ್ಲಿ ಇರಲಿಕ್ಕಿಲ್ಲ. ಅದು ಗಂಟಲಲ್ಲಿ, ಧ್ವನಿಪೆಟ್ಟಿಗೆಯ ತುಸು ಕೆಳಗೆ, ಗಾಳಿ ಹೋಗುವ ದಾರಿ ಕಿರಿದಾದ ಕಡೆ ಇರಬಹುದು.

ಹೀಗೆ ಕಿರಿದಾದ ದಾರಿಯನ್ನು ಹೊರಗಿನಿಂದ ಕುತ್ತಿಗೆ ಕೊಯ್ಯದೆ, ಬಾಯಿಯ ಮೂಲಕವೇ ಹೋಗಿ ಚಿಕ್ಕ ಬಲೂನಿನಿಂದ ಅಗಲ ಮಾಡುವ ಚಿಕಿತ್ಸೆ ಈಗ ಇದೆ. ಎಲ್ಲ ಮಕ್ಕಳಿಗೂ ಅದು ಸಾಲುವುದಿಲ್ಲ. ಆದರೆ ತಕ್ಕ ಮಗುವಿಗೆ ತಕ್ಕ ಹೊತ್ತಿನಲ್ಲಿ ಮಾಡಿದರೆ ದೊಡ್ಡ ಆಪರೇಷನ್ನು, ಕುತ್ತಿಗೆಯಲ್ಲಿ ಕೊಳವೆಯನ್ನು, ವರ್ಷಗಟ್ಟಲೆ ಆಸ್ಪತ್ರೆ ಓಡಾಟವನ್ನು ತಪ್ಪಿಸಬಹುದು. ಇದರಲ್ಲಿ ಹೊತ್ತಿನ ಪಾತ್ರ ಎಷ್ಟು ದೊಡ್ಡದು ಅನ್ನುವುದನ್ನು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಒಂದು ಮಿಲಿಮೀಟರ್ ಊತದ ಲೆಕ್ಕ

ಧ್ವನಿಪೆಟ್ಟಿಗೆಯ ಒಳಗೆ ಎರಡು ಸ್ವರತಂತುಗಳಿವೆ. ಅವುಗಳ ಕೆಳಗೆ, ಶ್ವಾಸನಾಳ ಶುರುವಾಗುವ ಮುಂಚೆ, ಒಂದು ಚಿಕ್ಕ ಜಾಗವಿದೆ. ವೈದ್ಯರು ಅದನ್ನು ಸಬ್‌ಗ್ಲಾಟಿಸ್ ಅನ್ನುತ್ತಾರೆ. ಅದರ ಸುತ್ತ ಕ್ರೈಕಾಯ್ಡ್ ಎಂಬ ಮೃದ್ವಸ್ಥಿಯ ಉಂಗುರ. ಶ್ವಾಸನಾಳದ ಉಳಿದ ಉಂಗುರಗಳಿಗೆಲ್ಲ ಹಿಂಭಾಗದಲ್ಲಿ ಬಾಯಿ ತೆರೆದಿರುತ್ತದೆ. ಅಲ್ಲಿ ಮೆತ್ತನೆಯ ಪೊರೆ ಇರುವುದರಿಂದ ಬೇಕಾದಾಗ ಸ್ವಲ್ಪ ಹಿಗ್ಗುತ್ತವೆ. ಕ್ರೈಕಾಯ್ಡ್ ಮಾತ್ರ ಗಾಜಿನ ಬಳೆಯ ಹಾಗೆ ಪೂರ್ತಿ ಸುತ್ತು. ಒಳಪೊರೆ ಊದಿಕೊಂಡರೆ ಹೊರಕ್ಕೆ ಹಿಗ್ಗಲು ಜಾಗವೇ ಇಲ್ಲ. ಊತವೆಲ್ಲ ಒಳಮುಖವಾಗಿ, ಗಾಳಿಯ ದಾರಿಗೇ ಬರುತ್ತದೆ.

ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಈ ಜಾಗದ ಒಳ ಅಗಲ ಸುಮಾರು 4.5ರಿಂದ 5.5 ಮಿಲಿಮೀಟರ್. 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಿರಿದು ಅಂತಲೇ ಲೆಕ್ಕ. ಈಗ 4 ಮಿ.ಮೀ. ಅಗಲದ ದಾರಿಯಲ್ಲಿ ಸುತ್ತಲೂ ಒಂದೇ ಒಂದು ಮಿ.ಮೀ. ಊತ ಬಂತು ಅಂದುಕೊಳ್ಳಿ. ಉಳಿಯುವುದು 2 ಮಿ.ಮೀ. ನೋಡುವುದಕ್ಕೆ ಅರ್ಧ ಆದ ಹಾಗೆ ಕಾಣುತ್ತದೆ, ಆದರೆ ಗಾಳಿಗೆ ಸಿಗುವ ಜಾಗ ಕಾಲುಭಾಗಕ್ಕೆ ಇಳಿದಿರುತ್ತದೆ. ಉಸಿರು ಎಳೆಯಲು ಬೇಕಾಗುವ ಶ್ರಮ ಇನ್ನೂ ಕೆಟ್ಟದಾಗಿ ಏರುತ್ತದೆ. ಕೊಳವೆಯೊಳಗಿನ ಹರಿವಿನ ನಿಯಮವನ್ನು 19ನೇ ಶತಮಾನದಲ್ಲಿ ಫ್ರಾನ್ಸಿನ ಪ್ವಾಸೆಯ್ ಕಂಡುಹಿಡಿದ. ಅದರ ಪ್ರಕಾರ ಅಗಲ ಅರ್ಧವಾದರೆ ಪ್ರತಿರೋಧ 16 ಪಟ್ಟು ಹೆಚ್ಚುತ್ತದೆ. ಮಗು ಅಳುವಾಗ ಗಾಳಿ ಸುಳಿಸುಳಿಯಾಗಿ ನುಗ್ಗುತ್ತದಲ್ಲ, ಆಗ ಇನ್ನೂ ಜಾಸ್ತಿ. ಅದೇ 1 ಮಿ.ಮೀ. ಊತ 8 ಮಿ.ಮೀ. ಅಗಲದ ದಾರಿಯಲ್ಲಿ ಬಂದರೆ ಪ್ರತಿರೋಧ ಸುಮಾರು ಮೂರು ಪಟ್ಟು ಏರುತ್ತದೆ, ಅಷ್ಟೆ. ಒಂದೇ ಶೀತಕ್ಕೆ ದೊಡ್ಡವರ ದನಿ ಒಡೆದು, ಅದೇ ಮನೆಯ ಮಗು ಐಸಿಯು ಸೇರುವುದು ಇದಕ್ಕೇ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. 2 ಮಿ.ಮೀ. ಉಳಿದಿದ್ದ ದಾರಿಯನ್ನು 3 ಮಿ.ಮೀ. ಮಾಡಿದರೆ ಪ್ರತಿರೋಧ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಮಿಲಿಮೀಟರ್ ಗಳಿಸಿದರೂ ಮಗುವಿನ ಪಾಡು ಬದಲಾಗುತ್ತದೆ. ಚಿಕ್ಕ ಉಪಕರಣಗಳಿಂದ ಮಾಡುವ ಚಿಕ್ಕ ಕೆಲಸಕ್ಕೆ ಇಷ್ಟು ದೊಡ್ಡ ಫಲ ಸಿಗುವುದು ಇಲ್ಲಿಂದ.

ಜೀವ ಉಳಿಸಿದ ಕೊಳವೆ ಬಿಟ್ಟ ಗಾಯ

ಕೆಲವು ಮಕ್ಕಳು ಕಿರಿದಾದ ಉಸಿರುದಾರಿಯೊಂದಿಗೇ ಹುಟ್ಟುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ದಾರಿ ವಯಸ್ಸಿಗಿಂತ ಸಣ್ಣದಿರುವುದು ಸಾಮಾನ್ಯ. ಆದರೆ ಇಂದು ಆಸ್ಪತ್ರೆಗಳು ನೋಡುವ ಹೆಚ್ಚಿನ ಪ್ರಕರಣಗಳು ಹುಟ್ಟಿನಿಂದ ಬಂದವಲ್ಲ. ವೆಂಟಿಲೇಟರ್‌ಗಾಗಿ ಶ್ವಾಸನಾಳಕ್ಕೆ ಹಾಕಿದ ಕೊಳವೆಯ ಗಾಯದಿಂದ ಬಂದವು.

ಈ ಕೊಳವೆಯ ಕಥೆ ಹಳೆಯದು. 1880ರ ದಶಕದಲ್ಲಿ ಡಿಫ್ತೀರಿಯಾ ಅಂದರೆ ಮಕ್ಕಳ ಪಾಲಿಗೆ ಯಮ. ಗಂಟಲಲ್ಲಿ ಪೊರೆ ಕಟ್ಟಿ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದರು. ನ್ಯೂಯಾರ್ಕಿನಲ್ಲಿ ಅನಾಥ ಶಿಶುಗಳನ್ನು ನೋಡಿಕೊಳ್ಳುತ್ತಿದ್ದ ಜೋಸೆಫ್ ಓಡ್ವಯರ್ ಎಂಬ ವೈದ್ಯ ಬಾಯಿಯ ಮೂಲಕ ಲೋಹದ ಚಿಕ್ಕ ಕೊಳವೆ ಇಳಿಸಿ ದಾರಿ ತೆರೆದಿಡುವ ವಿಧಾನವನ್ನು 1885ರಲ್ಲಿ ಪ್ರಕಟಿಸಿದರು. ಎಷ್ಟೋ ಮಕ್ಕಳು ಬದುಕಿದರು. ಆಮೇಲೆ 1965ರಲ್ಲಿ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್ ಎಂಬ ಇಬ್ಬರು ವೈದ್ಯರು, ಕುತ್ತಿಗೆಯಲ್ಲಿ ತೂತು ಮಾಡದೆ ಮೂಗಿನ ಮೂಲಕ ಹಾಕಿದ ಕೊಳವೆಯನ್ನು ಚಿಕ್ಕ ಮಕ್ಕಳಲ್ಲಿ ದಿನಗಟ್ಟಲೆ ಇಡಬಹುದು ಎಂದು ವರದಿ ಮಾಡಿದರು. ದಿನ ತುಂಬದ ಮಕ್ಕಳನ್ನು ಉಳಿಸುವ ಇಂದಿನ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಲ್ಲಿಂದ ಬೆಳೆಯಿತು. ಅದರ ಜೊತೆಗೇ, ಬದುಕಿದ ಕೆಲವು ಮಕ್ಕಳಲ್ಲಿ ಸಬ್‌ಗ್ಲಾಟಿಸ್ ಕಿರಿದಾಗುವುದೂ ಶುರುವಾಯಿತು.

ಆಗುವುದು ಹೀಗೆ. ಕೊಳವೆ ದಾರಿಗಿಂತ ತುಸು ದಪ್ಪವಾದರೆ, ಅಥವಾ ಮಗು ಒದ್ದಾಡುವಾಗ ಮೇಲೆ ಕೆಳಗೆ ಉಜ್ಜಿದರೆ, ಒಳಪೊರೆಯ ಮೇಲೆ ಒತ್ತಡ ಬೀಳುತ್ತದೆ. ಒತ್ತಿದ ಕಡೆ ರಕ್ತ ಓಡಾಡುವುದಿಲ್ಲ. ಮೊದಲು ಊತ, ಆಮೇಲೆ ಹುಣ್ಣು. ಹುಣ್ಣು ಮಾಯುವಾಗ ಕೆಂಪಗೆ ಮಾಂಸ ಬೆಳೆಯುತ್ತದೆ. ಆ ಮಾಂಸ ಕ್ರಮೇಣ ಬಿಳಿ ಕಲೆಯಾಗಿ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತಾ ಕುಗ್ಗುತ್ತದೆ. ಮತ್ತೆ ಮತ್ತೆ ಕೊಳವೆ ತೆಗೆದು ಹಾಕಿದ್ದರೆ, ಸೋಂಕು ತಗುಲಿದ್ದರೆ, ಹೊಟ್ಟೆಯ ಹುಳಿ ಗಂಟಲಿಗೆ ಉಕ್ಕುತ್ತಿದ್ದರೆ ಗಾಯ ಇನ್ನೂ ಆಳವಾಗುತ್ತದೆ.

ದಿನ ತುಂಬದೆ ಹುಟ್ಟುವ ಮಕ್ಕಳ ಸಂಖ್ಯೆಯಲ್ಲಿ ಜಗತ್ತಿಗೇ ಭಾರತ ಮುಂದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಅಂಥ ಮಕ್ಕಳು ಸುಮಾರು 30 ಲಕ್ಷ. ಇವರಲ್ಲಿ ಉಸಿರಾಟಕ್ಕೆ ಕೊಳವೆ ಬೇಕಾಗುವವರು ಕೆಲವರು, ಅವರಲ್ಲೂ ದಾರಿ ಕಿರಿದಾಗುವುದು ತೀರಾ ಕೆಲವರಿಗೆ. ದೊಡ್ಡ ಮಕ್ಕಳಲ್ಲೂ ಇದು ಬರಬಹುದು. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದು ವೆಂಟಿಲೇಟರ್ ಸೇರಿದವರು, ತಲೆಗೆ ಪೆಟ್ಟು ಬಿದ್ದು ಹಲವು ದಿನ ಕೊಳವೆಯಲ್ಲಿದ್ದವರು ಇದ್ದಾರೆ.

ಒಂದು ಮಾತನ್ನು ಇಲ್ಲೇ ಹೇಳಬೇಕು. ಇದನ್ನು ಓದಿ ಎನ್‌ಐಸಿಯು ವೈದ್ಯರ ಮೇಲೆ, ನರ್ಸ್‌ಗಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಆ ಕೊಳವೆ ಇಲ್ಲದಿದ್ದರೆ ಮಗುವೇ ಇರುತ್ತಿರಲಿಲ್ಲ. ಗಾಯ ಆಗದಂತೆ ನೋಡಿಕೊಳ್ಳುವ ದಾರಿಗಳು ಈಗ ಎಷ್ಟೋ ಸುಧಾರಿಸಿವೆ. ಹೆರಿಗೆ ಬೇಗ ಆಗುವ ಸೂಚನೆ ಇದ್ದರೆ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟೀರಾಯ್ಡ್ ಕೊಡುತ್ತಾರೆ. ಕೊಳವೆಯ ಬದಲು ಮೂಗಿನ ಬಳಿಯಿಂದ ಒತ್ತಡದ ಗಾಳಿ ಕೊಡುವ ಸಿ-ಪ್ಯಾಪ್ ಇದೆ. ಕೊಳವೆ ಹಾಕಲೇಬೇಕಾದರೆ ಅದರ ಸುತ್ತ ತುಸು ಗಾಳಿ ಸೋರುವಷ್ಟು ಸಡಿಲ ಇರಬೇಕು ಎನ್ನುವುದು ನಿಯಮ.

ಸದ್ದು ಕೊಡುವ ಸುಳಿವು

ಉಸಿರಿನ ಸದ್ದನ್ನು ಗಮನವಿಟ್ಟು ಕೇಳಿದರೆ ತೊಂದರೆ ಎಲ್ಲಿದೆ ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ. ಉಸಿರು ಒಳಗೆ ಎಳೆಯುವಾಗ ಮಾತ್ರ ಕೀರಲು ಸದ್ದು ಬಂದರೆ ತೊಂದರೆ ಸ್ವರತಂತುಗಳ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರಬಹುದು. ಬಿಡುವಾಗ ಸುಯ್ ಅಂದರೆ ಕೆಳಗಿನ ಶ್ವಾಸನಾಳ, ಶ್ವಾಸಕೋಶದ ಕಡೆ. ಎಳೆಯುವಾಗಲೂ ಬಿಡುವಾಗಲೂ ಬಂದರೆ ಸಬ್‌ಗ್ಲಾಟಿಸ್ ಮೇಲೆ ಅನುಮಾನ ಬರಬೇಕು. ನೆಬುಲೈಸರ್‌ನಲ್ಲಿ ಹಾಕುವ ಆಸ್ತಮಾ ಔಷಧ ಕೆಳಗಿನ ಸಣ್ಣ ಕೊಳವೆಗಳ ಸ್ನಾಯುವನ್ನು ಸಡಿಲಿಸುತ್ತದೆ. ಕ್ರೈಕಾಯ್ಡ್ ಒಳಗಿನ ಕಲೆಗೆ ಅದು ಏನೂ ಮಾಡಲಾರದು. ಎಷ್ಟು ಕೊಟ್ಟರೂ ಸದ್ದು ಕಡಿಮೆಯಾಗದಿದ್ದರೆ ಡೋಸ್ ಹೆಚ್ಚಿಸುವ ಮುಂಚೆ ಗಂಟಲಿನ ಕಡೆ ನೋಡಬೇಕು, ಅಲ್ವಾ?

ಇನ್ನೆರಡು ಸುಳಿವುಗಳು. ಕ್ರೂಪ್ ಅನ್ನುವ ವೈರಸ್ ಕಾಯಿಲೆ ಮಕ್ಕಳಲ್ಲಿ ಸಾಮಾನ್ಯ. ನಾಯಿ ಬೊಗಳಿದಂಥ ಕೆಮ್ಮು ಬರುತ್ತದೆ. ಆದರೆ ಆರು ತಿಂಗಳೊಳಗಿನ ಮಗುವಿಗೆ ಕ್ರೂಪ್ ಬಂದರೆ, ಅಥವಾ ಒಂದೇ ಮಗುವಿಗೆ ಮತ್ತೆ ಮತ್ತೆ ಬರುತ್ತಿದ್ದರೆ, ಕೆಳಗೆ ದಾರಿ ಮೊದಲೇ ಕಿರಿದಾಗಿರಬಹುದು. ಹಾಗೆಯೇ ಗಲ್ಲ, ಕೆಳತುಟಿ, ದವಡೆಯ ಸುತ್ತ ಕೆಂಪು ಮಚ್ಚೆ ಬೆಳೆಯುತ್ತಿರುವ ಮಗುವಿಗೆ ಉಸಿರಿನ ಸದ್ದೂ ಶುರುವಾದರೆ ತಡ ಮಾಡಬಾರದು. ಅದರ ಕಾರಣ ಮುಂದೆ ಹೇಳುತ್ತೇನೆ.

ಖಚಿತವಾಗಿ ತಿಳಿಯಲು ಕಣ್ಣಿಂದಲೇ ನೋಡಬೇಕು. ಮೂಗಿನ ಮೂಲಕ ಬಳುಕುವ ಸಣ್ಣ ಸ್ಕೋಪ್ ಹಾಕಿ ಹೊರರೋಗಿ ವಿಭಾಗದಲ್ಲೇ ಸ್ವರತಂತುಗಳವರೆಗೆ ನೋಡಬಹುದು. ಅದಕ್ಕಿಂತ ಕೆಳಗೆ ಸರಿಯಾಗಿ ನೋಡಿ ಅಳೆಯಲು ಆಪರೇಷನ್ ಥಿಯೇಟರ್ ಬೇಕು. ಗುಸ್ಟಾವ್ ಕಿಲಿಯನ್ ಎಂಬ ಜರ್ಮನ್ ವೈದ್ಯ 1897ರಲ್ಲಿ ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿದ್ದ ಎಲುಬಿನ ಚೂರನ್ನು ಲೋಹದ ಕೊಳವೆಯ ಮೂಲಕ ಹೊರತೆಗೆದಾಗ ಈ ವಿದ್ಯೆ ಶುರುವಾಯಿತು. ಆಗ ಒಳಗೆ ಕಾಣುತ್ತಿದ್ದುದು ಮಬ್ಬು ಮಬ್ಬು. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಕಡ್ಡಿಗಳನ್ನು ಜೋಡಿಸಿ ಮಾಡಿದ ಟೆಲಿಸ್ಕೋಪ್ 1960ರ ದಶಕದಲ್ಲಿ ಬಂದ ಮೇಲೆ ಚಿತ್ರವೇ ಬದಲಾಯಿತು. ಕೆಲವೇ ಮಿಲಿಮೀಟರ್ ದಪ್ಪದ ಕಡ್ಡಿಯಿಂದ ಶಿಶುವಿನ ಶ್ವಾಸನಾಳದ ಕೊನೆಯವರೆಗೂ ಸ್ಪಷ್ಟವಾಗಿ ಕಾಣುತ್ತದೆ. ಕುತ್ತಿಗೆ ಕೊಯ್ಯದ ಚಿಕಿತ್ಸೆಗೆ ಮೊದಲು ಬೇಕಾಗಿದ್ದದ್ದು ಈ ಕಣ್ಣು.

ಎಷ್ಟು ಕಿರಿದು ಅನ್ನುವುದಕ್ಕೆ ಒಂದು ಅಳತೆ ಇದೆ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ಮೈಯರ್, ಕಾಟನ್ ಮತ್ತು ಜೊತೆಗಾರರು 1994ರಲ್ಲಿ ಇದನ್ನು ಕೊಟ್ಟರು. ಬೇರೆ ಬೇರೆ ಅಳತೆಯ ಉಸಿರುಕೊಳವೆಗಳನ್ನು ಹಾಕಿ, ಯಾವುದು ಸಡಿಲವಾಗಿ ಕೂರುತ್ತದೆ ಎಂದು ನೋಡಿ, ಆ ವಯಸ್ಸಿಗೆ ಇರಬೇಕಾದ ಅಳತೆಗೆ ಹೋಲಿಸುತ್ತಾರೆ. ಅರ್ಧದವರೆಗೆ ಮುಚ್ಚಿದ್ದರೆ ಒಂದನೇ ದರ್ಜೆ. 51ರಿಂದ 70 ಶೇಕಡಾ ಎರಡನೆಯದು. 71ರಿಂದ 99 ಮೂರನೆಯದು. ಪೂರ್ತಿ ಮುಚ್ಚಿದ್ದರೆ ನಾಲ್ಕು. ಮುಂದಿನ ದಾರಿ ನಿರ್ಧರಿಸಲು ಈ ದರ್ಜೆಯ ಜೊತೆಗೆ ಕಲೆ ಹಸಿಯೋ ಗಟ್ಟಿಯೋ, ಎಷ್ಟು ಉದ್ದ, ಮೃದ್ವಸ್ಥಿಯ ಆಕಾರ ಸರಿಯಿದೆಯೋ ಅನ್ನುವುದೂ ಬೇಕು. ಶ್ವಾಸನಾಳದ ಕೆಳಭಾಗದ ಮೇಲೆ ಅನುಮಾನ ಇದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.

ಬಲೂನ್ ಉಬ್ಬುವ ಆ ಒಂದೆರಡು ನಿಮಿಷ

ಮಗುವನ್ನು ಅಂಗಾತ ಮಲಗಿಸಿ, ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಡುತ್ತಾರೆ. ಅರಿವಳಿಕೆ ಕೊಟ್ಟರೂ ಮಗು ತಾನಾಗಿಯೇ ಉಸಿರಾಡುತ್ತಿರಬೇಕು. ಇದು ಸುಲಭದ ಕೆಲಸವಲ್ಲ. ಮಾಮೂಲಿ ಆಪರೇಷನ್‌ನಲ್ಲಿ ಅರಿವಳಿಕೆ ವೈದ್ಯರು ಕೊಳವೆ ಹಾಕಿ ಉಸಿರಾಟವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಕೊಳವೆ ಹಾಕುವ ಜಾಗದಲ್ಲೇ ಶಸ್ತ್ರವೈದ್ಯರು ಕೆಲಸ ಮಾಡಬೇಕು. ಹಾಗಾಗಿ ಸ್ವರತಂತುಗಳು ಸೆಟೆದುಕೊಳ್ಳದಂತೆ ಅವುಗಳ ಮೇಲೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧ ಸಿಂಪಡಿಸಿ, ನಿದ್ದೆಯ ಆಳವನ್ನು ಹದವಾಗಿಟ್ಟು, ಮೂಗಿನ ಮೂಲಕ ಆಮ್ಲಜನಕ ಕೊಡುತ್ತಿರುತ್ತಾರೆ. ಈ ಚಿಕಿತ್ಸೆಯಲ್ಲಿ ಶಸ್ತ್ರವೈದ್ಯರಷ್ಟೇ ಮುಖ್ಯ ಅರಿವಳಿಕೆ ವೈದ್ಯರು. ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇರುವ ಕಡೆಯೇ ಇದನ್ನು ಮಾಡಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾಯಿಯಲ್ಲಿ ಗಂಟಲು ತೆರೆದು ಹಿಡಿಯುವ ಲ್ಯಾರಿಂಗೋಸ್ಕೋಪ್ ನಿಲ್ಲಿಸಿ, ಟೆಲಿಸ್ಕೋಪ್‌ನ ಚಿತ್ರ ಪರದೆಯ ಮೇಲೆ ಬರುವಂತೆ ಮಾಡುತ್ತಾರೆ. ಸ್ವರತಂತುಗಳ ಕೆಳಗೆ ಬಿಳಿ ಕಲೆಯ ಸುತ್ತು, ನಡುವೆ ಸಣ್ಣ ತೂತು. ಕಲೆ ಗಟ್ಟಿಯಾಗಿದ್ದರೆ ಮೊದಲು ತೆಳು ಅಲಗಿನಿಂದ ಅದರ ಮೇಲೆ ಎರಡು ಮೂರು ಕಡೆ ಗೀರು ಹಾಕುತ್ತಾರೆ. ಕಲೆ ಸುತ್ತಲೂ ಹೇಗೆಂದರೆ ಹಾಗೆ ಹರಿಯದೆ, ಗೀರಿದ ಕಡೆಯೇ ಬಿಡಲಿ ಅಂತ. ಗೀರುಗಳ ನಡುವೆ ಒಳಪೊರೆಯನ್ನು ಹಾಗೇ ಉಳಿಸುತ್ತಾರೆ. ಸುತ್ತಲೂ ಕೆರೆದುಬಿಟ್ಟರೆ ಅಲ್ಲಿ ಮತ್ತೆ ಸುತ್ತು ಕಲೆ ಕಟ್ಟುತ್ತದೆ. ಕೆಲವರು ಅಲಗಿನ ಬದಲು ಲೇಸರ್ ಬಳಸುತ್ತಾರೆ.

ಆಮೇಲೆ ಬಲೂನ್. ಕಡ್ಡಿಯ ತುದಿಗೆ ಮಡಚಿಕೊಂಡ ಉದ್ದನೆಯ ಬಲೂನ್ ಇರುತ್ತದೆ. ಶುರುವಿನಲ್ಲಿ ಹೃದಯದ ರಕ್ತನಾಳ ಹಿಗ್ಗಿಸುವ ಬಲೂನ್‌ಗಳನ್ನೇ ಗಂಟಲಿಗೂ ಬಳಸುತ್ತಿದ್ದರು. ಈಗ ಉಸಿರುದಾರಿಗೆಂದೇ ಮಾಡಿದವು ಸಿಗುತ್ತವೆ. ಬಲೂನಿನ ಅಗಲವನ್ನು ಮಗುವಿನ ವಯಸ್ಸಿಗೆ ತಕ್ಕ ಕೊಳವೆಯ ಹೊರ ಅಳತೆಗಿಂತ ಸುಮಾರು ಒಂದು ಮಿ.ಮೀ. ಹೆಚ್ಚು ಇರುವಂತೆ ಆರಿಸುತ್ತಾರೆ. ಕಿರಿದಾದ ಜಾಗದಲ್ಲಿ ಅದನ್ನು ಕೂರಿಸಿ, ಒತ್ತಡ ತೋರಿಸುವ ಮೀಟರ್ ಇರುವ ಪಂಪಿನಿಂದ ನೀರು ತುಂಬುತ್ತಾರೆ. ಬಲೂನ್ ಉಬ್ಬುತ್ತದೆ. ನಡುವೆ ಕಲೆ ಬಿಗಿದ ಕಡೆ ಸೊಂಟ ಕಟ್ಟಿದಂತೆ ಒಂದು ತಗ್ಗು ಕಾಣುತ್ತದೆ. ಒತ್ತಡ ಏರಿದಂತೆ ಆ ತಗ್ಗು ಮಾಯವಾದರೆ ಕಲೆ ಬಿಟ್ಟುಕೊಟ್ಟಿತು ಅಂತ ಅರ್ಥ.

ಬಲೂನ್ ಉಬ್ಬಿರುವಷ್ಟು ಹೊತ್ತು ದಾರಿ ಪೂರ್ತಿ ಬಂದ್. ಮಗು ಉಸಿರಾಡುವಂತಿಲ್ಲ. ಮಾನಿಟರ್‌ನ ಬೀಪ್ ಸದ್ದು ರಕ್ತದ ಆಮ್ಲಜನಕ ಇಳಿದಂತೆ ತಗ್ಗು ಸ್ಥಾಯಿಗೆ ಇಳಿಯುತ್ತದೆ. ಕೋಣೆಯಲ್ಲಿ ಎಲ್ಲರ ಕಿವಿಯೂ ಅದರ ಮೇಲೆ. ಒಂದೆರಡು ನಿಮಿಷ, ಅಥವಾ ಆಮ್ಲಜನಕ ಶೇಕಡಾ 90ರ ಆಸುಪಾಸಿಗೆ ಬರುವವರೆಗೆ, ಯಾವುದು ಮೊದಲೋ ಅದು. ಕೂಡಲೇ ನೀರು ಎಳೆದು ಬಲೂನ್ ತೆಗೆಯುತ್ತಾರೆ. ಮಗು ಮತ್ತೆ ಉಸಿರಾಡಿ ಬೀಪ್ ಮೇಲೇರಿದ ಮೇಲೆ ಬೇಕಾದರೆ ಇನ್ನೊಮ್ಮೆ. ಕೊನೆಗೆ ಊತ ಕಡಿಮೆಯಾಗಲಿ ಅಂತ ಅದೇ ಜಾಗಕ್ಕೆ ಸ್ಟೀರಾಯ್ಡ್ ಹಾಕುವುದೂ ಉಂಟು.

ಹಿಂದೆ ಇದೇ ಕೆಲಸಕ್ಕೆ ಗಟ್ಟಿ ಕಡ್ಡಿಗಳನ್ನು ಸಣ್ಣದರಿಂದ ದಪ್ಪಕ್ಕೆ ಒಂದೊಂದಾಗಿ ತೂರಿಸುತ್ತಿದ್ದರು. ಕಡ್ಡಿ ಮೇಲಿನಿಂದ ಕೆಳಕ್ಕೆ ಉಜ್ಜಿಕೊಂಡು ಹೋಗುತ್ತದೆ, ಒಳಪೊರೆಯನ್ನು ತರಚುತ್ತದೆ. ಬಲೂನ್ ಒಳಗಿನಿಂದ ಹೊರಕ್ಕೆ ಎಲ್ಲ ಕಡೆ ಸಮವಾಗಿ ತಳ್ಳುತ್ತದೆ. ತರಚುವುದು ಕಡಿಮೆಯಾದ್ದರಿಂದ ಹೊಸ ಗಾಯವೂ ಕಡಿಮೆ.

ಆ ರಾತ್ರಿ ಮಗು ಸಾಮಾನ್ಯವಾಗಿ ಮಕ್ಕಳ ಐಸಿಯುನಲ್ಲಿ ಇರುತ್ತದೆ. ಊತಕ್ಕೆ ಡೆಕ್ಸಾಮೆಥಸೋನ್, ಬೇಕಾದರೆ ಅಡ್ರಿನಲಿನ್ ನೆಬುಲೈಸೇಷನ್, ಹುಳಿ ಉಕ್ಕುವ ತೊಂದರೆ ಇದ್ದರೆ ಅದಕ್ಕೂ ಔಷಧ. ಒಂದರಿಂದ ಮೂರು ವಾರದೊಳಗೆ ಮತ್ತೆ ಸ್ಕೋಪ್ ಹಾಕಿ ನೋಡುತ್ತಾರೆ. ಬಹಳ ಮಕ್ಕಳಿಗೆ ಎರಡು ಮೂರು ಸಲ ಬಲೂನ್ ಬೇಕಾಗುತ್ತದೆ. ಎರಡನೇ ಸಲ ಕರೆದರೆ ಮೊದಲನೆಯದು ಕೆಟ್ಟಿತು ಅಂತ ಮನೆಯವರು ಕಂಗಾಲಾಗುತ್ತಾರೆ. ಹಾಗೇನಿಲ್ಲ. ಕಲೆ ಮತ್ತೆ ಕುಗ್ಗುವ ಮುಂಚೆ ಹಿಗ್ಗಿಸುತ್ತಾ ಹೋಗುವುದೇ ಈ ಚಿಕಿತ್ಸೆಯ ಕ್ರಮ. ಶುರುವಿನಲ್ಲೇ ಇದನ್ನು ಮನೆಯವರಿಗೆ ಬಿಡಿಸಿ ಹೇಳಿದರೆ ಅರ್ಧ ಆತಂಕ ಇರುವುದಿಲ್ಲ.

ಯಾರಿಗೆ ಸಾಕು, ಯಾರಿಗೆ ಸಾಲದು

ಹಲವು ಆಸ್ಪತ್ರೆಗಳ ವರದಿಗಳನ್ನು ಒಟ್ಟು ಸೇರಿಸಿ ನೋಡಿದಾಗ, ಬಲೂನ್ ಹಾಕಿಸಿಕೊಂಡ ಮೂವರಲ್ಲಿ ಸುಮಾರು ಇಬ್ಬರು ಮಕ್ಕಳು ದೊಡ್ಡ ಆಪರೇಷನ್ ಇಲ್ಲದೆ ಪಾರಾಗಿದ್ದಾರೆ. ದರ್ಜೆ ಏರಿದಂತೆ ಈ ಯಶಸ್ಸು ಇಳಿಯುತ್ತದೆ. ಇನ್ನೂ ದೊಡ್ಡ ವ್ಯತ್ಯಾಸ ಮಾಡುವುದು ಕಲೆಯ ವಯಸ್ಸು. ಕೊಳವೆ ತೆಗೆದ ಕೆಲವೇ ವಾರಗಳಲ್ಲಿ, ಗಾಯ ಇನ್ನೂ ಹಸಿಯಾಗಿ ಕೆಂಪಗಿರುವಾಗ ಬಲೂನ್ ಹಾಕಿದರೆ ಅದು ಚೆನ್ನಾಗಿ ಒಗ್ಗುತ್ತದೆ. ತಿಂಗಳುಗಟ್ಟಲೆ ಕಳೆದು ಗಟ್ಟಿಯಾದ ಕಲೆಯನ್ನು ಹಿಗ್ಗಿಸಿದರೂ ಅದು ಹಳೆಯ ಜಾಗಕ್ಕೇ ಮರಳಲು ನೋಡುತ್ತದೆ. "ಕಫ ಇರಬೇಕು, ಇನ್ನೊಂದು ತಿಂಗಳು ನೋಡೋಣ" ಅನ್ನುವ ಮಾತು ಇಂಥ ಮಗುವಿಗೆ ದುಬಾರಿ. ಆ ತಿಂಗಳಲ್ಲಿ ಬಲೂನಿಗೆ ಮುಗಿಯುತ್ತಿದ್ದ ಕೆಲಸ ಚಾಕುವಿನ ಕೆಲಸವಾಗಿಬಿಡಬಹುದು.

ಎನ್‌ಐಸಿಯುನಲ್ಲಿ ಇನ್ನೊಂದು ಸಂದರ್ಭ ಬರುತ್ತದೆ. ಶ್ವಾಸಕೋಶ ಸುಧಾರಿಸಿದೆ, ಆದರೆ ಕೊಳವೆ ತೆಗೆದಾಗಲೆಲ್ಲ ಮಗು ಉಸಿರಾಡಲಾರದೆ ಮತ್ತೆ ಹಾಕಬೇಕಾಗುತ್ತದೆ. ಹಿಂದೆ ಇಂಥ ಮಕ್ಕಳಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಟ್ರೇಕಿಯಾಸ್ಟಮಿ ಕೊಳವೆ ಇಡುವುದೇ ದಾರಿ. 1980ರಲ್ಲಿ ಕಾಟನ್ ಮತ್ತು ಸೀಡ್ ಎಂಬ ಶಸ್ತ್ರವೈದ್ಯರು ಕ್ರೈಕಾಯ್ಡ್ ಉಂಗುರವನ್ನು ಮುಂಭಾಗದಲ್ಲಿ ಸೀಳಿ ಬಿಗಿತ ಸಡಿಲಿಸುವ ಆಪರೇಷನ್ ತೋರಿಸಿಕೊಟ್ಟರು. ಅದು ಕುತ್ತಿಗೆಯ ಹೊರಗಿನಿಂದ. ಈಗ ಅದೇ ಸೀಳನ್ನು ಬಾಯಿಯ ಮೂಲಕ ಒಳಗಿನಿಂದಲೇ ಹಾಕಿ, ಬಲೂನಿನಿಂದ ಉಂಗುರವನ್ನು ತೆರೆಯುವ ಕ್ರಮವೂ ಬಂದಿದೆ.

ಟ್ರೇಕಿಯಾಸ್ಟಮಿ ಇರುವ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಅದರ ಭಾರ ಗೊತ್ತು. ಹಗಲೂ ರಾತ್ರಿ ಯಂತ್ರದಿಂದ ಕಫ ಎಳೆಯುವ ಸಕ್ಷನ್. ಕಫದಿಂದ ಕೊಳವೆ ಮುಚ್ಚಿದರೆ ಬದಲಾಯಿಸಲು ಕೆಲವೇ ನಿಮಿಷ. ಒಬ್ಬರಾದರೂ ಸದಾ ಎಚ್ಚರ. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆ ಎಂಬ ಭಯ. ಮಗು ಅತ್ತರೂ ದನಿ ಕೇಳುವುದಿಲ್ಲ. ಅದು ಜೀವ ಕಾಯುವ ಕೊಳವೆ, ಬೇಕಾದಾಗ ಹಿಂಜರಿಯಬಾರದು. ಆದರೆ ತಪ್ಪಿಸಲು ಸಾಧ್ಯವಿರುವ ಮಗುವಿಗೆ ತಪ್ಪಿಸುವುದು ಇಡೀ ಮನೆಯನ್ನು ಉಳಿಸಿದ ಹಾಗೆ.

ಬಲೂನ್ ಕೆಲಸ ಮಾಡದ ಕಡೆಗಳೂ ಸ್ಪಷ್ಟವಾಗಿವೆ. ಪೂರ್ತಿ ಮುಚ್ಚಿದ ನಾಲ್ಕನೇ ದರ್ಜೆ, ಉದ್ದನೆಯ ಹಳೆಯ ಕಲೆ, ಹುಟ್ಟಿನಿಂದಲೇ ವಕ್ರವಾದ ಕ್ರೈಕಾಯ್ಡ್. ಬಲೂನ್ ಕಲೆಯನ್ನು ಹಿಗ್ಗಿಸುತ್ತದೆ, ಮೃದ್ವಸ್ಥಿಯನ್ನು ಹೊಸದಾಗಿ ರೂಪಿಸಲಾರದು. ಶ್ವಾಸನಾಳದ ಉಂಗುರಗಳೇ ಹುಟ್ಟಿನಿಂದ ಪೂರ್ತಿ ಸುತ್ತಾಗಿರುವ ಮಕ್ಕಳೂ ಇದ್ದಾರೆ. ಅಲ್ಲಿ ಬಲೂನ್ ಹಾಕಿದರೆ ನಾಳ ಹರಿಯುವ ಅಪಾಯ. ಅವರಿಗೆ ನಾಳವನ್ನು ಅಡ್ಡ ಕತ್ತರಿಸಿ, ಎರಡು ತುದಿಗಳನ್ನು ಒಂದರ ಮೇಲೊಂದು ಜಾರಿಸಿ ಹೊಲಿಯುವ ಸ್ಲೈಡ್ ಟ್ರೇಕಿಯೋಪ್ಲಾಸ್ಟಿ ಎಂಬ ಆಪರೇಷನ್ ಬೇಕು. ಗಟ್ಟಿ ಸಬ್‌ಗ್ಲಾಟಿಕ್ ಕಲೆಗೆ ಪಕ್ಕೆಲುಬಿನ ಮೃದ್ವಸ್ಥಿಯ ಚೂರು ತಂದು ಕ್ರೈಕಾಯ್ಡ್‌ಗೆ ಕೂಡಿಸಿ ಅಗಲ ಮಾಡುತ್ತಾರೆ. ಟೊರಾಂಟೊದಲ್ಲಿ ಫೀರನ್ ಮತ್ತು ಕಾಟನ್ 1970ರ ದಶಕದ ಶುರುವಿನಲ್ಲಿ ಮೃದ್ವಸ್ಥಿಯ ಕಸಿಯನ್ನು ವರದಿ ಮಾಡಿದ್ದರು. ಅರ್ಧ ಶತಮಾನದಲ್ಲಿ ಅದು ಚೆನ್ನಾಗಿ ಪಳಗಿದ ಆಪರೇಷನ್ ಆಗಿದೆ. ಬೇಕಾದ ಮಗುವಿಗೆ ಅದನ್ನು ಬಿಟ್ಟು ಸುಮ್ನೆ ಬಲೂನ್ ಮೇಲೆ ಬಲೂನ್ ಹಾಕುತ್ತಾ ಹೋದರೆ ಗಾಯದ ಮೇಲೆ ಗಾಯವಾಗಿ ಕಲೆ ಹೆಚ್ಚುತ್ತದೆ. ಬಲೂನಿಗೂ ಅಪಾಯ ಇಲ್ಲದೇ ಇಲ್ಲ. ಒಳಪೊರೆ ಹರಿಯಬಹುದು, ಊತ ಏರಬಹುದು, ಅಪರೂಪಕ್ಕೆ ಗಾಳಿ ಎದೆಗೂಡಿಗೆ ಸೋರಬಹುದು. ಹಾಗಾಗಿ ಬಲೂನ್ ಹಾಕುವ ತಂಡಕ್ಕೆ ದೊಡ್ಡ ಆಪರೇಷನ್ನೂ ಗೊತ್ತಿರಬೇಕು, ಇಲ್ಲವೇ ಗೊತ್ತಿರುವವರ ಕಡೆ ಕಳಿಸಲು ಮನಸ್ಸಿರಬೇಕು.

ಬಲೂನೂ ಬೇಡದ ಕೆಲವು ಮಕ್ಕಳು

ಉಸಿರು ಎಳೆಯುವಾಗ ಸದ್ದು ಮಾಡುವ ಶಿಶುಗಳಲ್ಲಿ ಅತಿ ಸಾಮಾನ್ಯ ಕಾರಣ ಲ್ಯಾರಿಂಗೋಮಲೇಶಿಯಾ. ಸ್ವರತಂತುಗಳ ಮೇಲಿನ ಭಾಗ ಇನ್ನೂ ಮೆತ್ತಗಿದ್ದು, ಉಸಿರಿನ ಜೊತೆ ಒಳಕ್ಕೆ ಬೀಳುತ್ತದೆ. ಅಂಗಾತ ಮಲಗಿಸಿದರೆ ಸದ್ದು ಜಾಸ್ತಿ, ಬೋರಲು ಹಿಡಿದರೆ ಕಡಿಮೆ. ಬಹುಪಾಲು ಮಕ್ಕಳಲ್ಲಿ ಒಂದೂವರೆ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ತೂಕ ಏರದಿದ್ದರೆ, ಉಸಿರು ನಿಲ್ಲುವಂತಾದರೆ ಮಾತ್ರ ಬಾಯಿಯ ಮೂಲಕವೇ ಹೆಚ್ಚುವರಿ ಮಡಿಕೆಗಳನ್ನು ಕತ್ತರಿಸಿ ಸಡಿಲ ಮಾಡುತ್ತಾರೆ.

ಕೆಂಪು ಮಚ್ಚೆಯ ಮಾತು ಎತ್ತಿದ್ದೆ. ಅದು ಹೆಮಾಂಜಿಯೋಮ, ರಕ್ತನಾಳಗಳ ಗಂಟು. ಹುಟ್ಟಿದ ಕೆಲವು ವಾರಗಳ ಮೇಲೆ ಶುರುವಾಗಿ ಮೊದಲ ತಿಂಗಳುಗಳಲ್ಲಿ ಭರದಿಂದ ಬೆಳೆಯುತ್ತದೆ. ಮುಖದ ಕೆಳಭಾಗದಲ್ಲಿ ಇದ್ದರೆ ಸಬ್‌ಗ್ಲಾಟಿಸ್‌ನಲ್ಲೂ ಇರುವ ಸಂಭವ ಹೆಚ್ಚು. ಇದಕ್ಕೆ ಹಿಂದೆ ಲೇಸರ್, ಆಪರೇಷನ್, ತಿಂಗಳುಗಟ್ಟಲೆ ಸ್ಟೀರಾಯ್ಡ್, ಟ್ರೇಕಿಯಾಸ್ಟಮಿ. 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಒಂದು ಸಂಗತಿ ಗಮನಿಸಿ ಪ್ರಕಟಿಸಿದರು. ಮೂಗಿನ ಮೇಲೆ ಹೆಮಾಂಜಿಯೋಮ ಇದ್ದ ಮಗುವಿಗೆ ಹೃದಯದ ತೊಂದರೆ ಬಂದು ಪ್ರೊಪ್ರಾನೊಲಾಲ್ ಕೊಟ್ಟಿದ್ದರು. ಮರುದಿನವೇ ಗಂಟಿನ ಬಣ್ಣ ಮಾಸಿ, ಅದು ಮೆತ್ತಗಾಗತೊಡಗಿತ್ತು. ರಕ್ತದೊತ್ತಡಕ್ಕೆ ದಶಕಗಳಿಂದ ಕೊಡುತ್ತಿದ್ದ ಅಗ್ಗದ ಔಷಧ ಅದು. ಈಗ ಉಸಿರುದಾರಿಯ ಹೆಮಾಂಜಿಯೋಮಕ್ಕೂ ಮೊದಲ ಚಿಕಿತ್ಸೆ ಅದೇ. ಹೃದಯಬಡಿತ, ಸಕ್ಕರೆ ಪ್ರಮಾಣ ನೋಡಿಕೊಳ್ಳುತ್ತಾ, ಹಾಲು ಕುಡಿಸಿದ ಮೇಲೆಯೇ ಕೊಡಬೇಕು, ವೈದ್ಯರ ಕಣ್ಗಾವಲಿನಲ್ಲೇ ಶುರು ಮಾಡಬೇಕು. ಚಾಕುವನ್ನೇ ಮುಟ್ಟದೆ ಮಗುವಿನ ಗಂಟಲು ತೆರೆಸಿದ ಈ ಕಂಡುಹಿಡಿತ ನನಗೆ ಬಲೂನಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಮನೆಯವರು ಮಾಡಬಹುದಾದದ್ದು

ಮಗು ಸದ್ದು ಮಾಡುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಅಂಗಿ ಬಿಚ್ಚಿ, ಎದೆ ಹೊಟ್ಟೆ ಕಾಣುವಂತೆ, ಸದ್ದು ಕೇಳುವಂತೆ. ಆಸ್ಪತ್ರೆಗೆ ಬಂದಾಗ ಮಗು ಸುಮ್ಮನೆ ನಿದ್ದೆ ಮಾಡುತ್ತಿರುತ್ತದೆ, ವೈದ್ಯರಿಗೆ ಏನೂ ಕಾಣುವುದಿಲ್ಲ. ಅರ್ಧ ನಿಮಿಷದ ವಿಡಿಯೊ ಅಲ್ಲಿ ತುಂಬ ಹೇಳುತ್ತದೆ. ಮಗು ಎನ್‌ಐಸಿಯುನಲ್ಲಿ ಇದ್ದದ್ದಾದರೆ ಅಲ್ಲಿನ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಎಷ್ಟು ದಿನ ಕೊಳವೆ ಇತ್ತು, ಎಷ್ಟು ಸಲ ಹಾಕಿದರು ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಿ. ಕೇಳಲಿ ಅಂತ ಕಾಯಬೇಡಿ.

ಕತ್ತಿನ ಗುಳಿ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲೇ ಆಗದಿದ್ದರೆ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಕರೆ ಮಾಡಿ. ಹೋಗುವಾಗ ಮಗುವನ್ನು ಅಳಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ. ಅದಕ್ಕೆ ಹಿತವಾದ ಭಂಗಿಯಲ್ಲೇ ಎತ್ತಿಕೊಳ್ಳಿ. ಜೋರಾಗಿದ್ದ ಸದ್ದು ಇದ್ದಕ್ಕಿದ್ದಂತೆ ಸಣ್ಣದಾಗಿ, ಮಗು ಸುಸ್ತಾಗಿ ಬಿದ್ದುಕೊಂಡರೆ ಅದು ಸುಧಾರಣೆ ಅಲ್ಲ. ಗಾಳಿ ಹೋಗುವುದೇ ಕಡಿಮೆಯಾಗಿದೆ.

ಚಿಕಿತ್ಸೆ ಮುಗಿಸಿ ಮನೆಗೆ ಹೊರಡುವಾಗ ಒಂದು ವಿಷಯ ಬರೆಸಿಕೊಳ್ಳಿ: ಕೊನೆಯ ಸ್ಕೋಪ್‌ನಲ್ಲಿ ಮಗುವಿನ ಸಬ್‌ಗ್ಲಾಟಿಸ್‌ಗೆ ಯಾವ ಅಳತೆಯ ಕೊಳವೆ ಸಡಿಲವಾಗಿ ಹೊಂದಿತು, ಯಾವ ದಿನಾಂಕದಂದು. ಮುಂದೆ ಹರ್ನಿಯಾಕ್ಕೋ, ಮುರಿದ ಕೈಗೋ, ಹಲ್ಲಿಗೋ ಬೇರೆ ಊರಲ್ಲಿ ಅರಿವಳಿಕೆ ಬೇಕಾದರೆ ಅಲ್ಲಿನ ವೈದ್ಯರು ವಯಸ್ಸಿನ ಲೆಕ್ಕ ಬಿಟ್ಟು, ಆ ಅಳತೆ ನೋಡಿ ಸಣ್ಣ ಕೊಳವೆ ಸಿದ್ಧವಿಟ್ಟುಕೊಳ್ಳುತ್ತಾರೆ. ಆ ಚೀಟಿಯ ಫೋಟೊ ಅಪ್ಪ ಅಮ್ಮ ಇಬ್ಬರ ಫೋನಿನಲ್ಲೂ ಇರಲಿ. ಮಗು ರಜೆಗೆ ಅಜ್ಜಿ ಮನೆಗೆ ಹೋಗುವುದಿದ್ದರೆ ಒಂದು ಪ್ರತಿ ಅಲ್ಲಿಗೂ ಕೊಟ್ಟು ಕಳಿಸಿ.